ಕಾಣುವ ಕಲೆ, ಕಾಣದ ತುರಿಕೆ

ಸೀಮಂತದ ಮಣೆಯ ಮೇಲೆ ಕೂತಿದ್ದ ಬಸುರಿಯ ಕೆನ್ನೆಗೆ ಅರಿಶಿನ ಹಚ್ಚಿದ ನನ್ನ ಸೋದರತ್ತೆ ದೇವಕಿ, ತಟ್ಟನೆ ಕೈ ಹಿಂದೆ ತೆಗೆದುಕೊಂಡು ಬೆರಳು ನೋಡಿಕೊಂಡರು. ಬೆರಳಿಗೆ ಅರಿಶಿನದ ಜೊತೆ ಇನ್ನೊಂದು ಬಣ್ಣವೂ ಮೆತ್ತಿಕೊಂಡಿತ್ತು.

“ಇದೆಂತದೇ ಮಾರಾಯ್ತಿ, ಮುಖ ಕೈಗೆ ಬತ್ತದಲೇ!”

ಚಪ್ಪರದಲ್ಲಿದ್ದವರೆಲ್ಲ ಗೊಳ್ಳೆಂದರು. ಆರತಿ ತಟ್ಟೆ ಹಿಡಿದವಳೂ ನಕ್ಕಳು. ಫೋಟೋದವನೂ ಕ್ಯಾಮೆರಾ ಇಳಿಸಿ ನಕ್ಕ. ನಗದೆ ಇದ್ದವಳು ಒಬ್ಬಳೇ. ಮಣೆಯ ಮೇಲೆ ಕೂತವಳು.

ಅವಳು ನಯನಾ. ನನ್ನ ತಮ್ಮ ಮಂಜುವಿನ ಹೆಂಡತಿ. ತಮ್ಮ ಹೊನ್ನಾವರದ ಪಕ್ಕದ ಕಾಸರಕೋಡದಿಂದ ಮೀನಿನ ಬೋಟಿಗೆ ಹೋಗುವವನು. ಇವಳದು ಹೊನ್ನಾವರದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ, ಸಣ್ಣ ಬ್ಯೂಟಿ ಪಾರ್ಲರ್. ನಮ್ಮ ಕಡೆಯ ಎಷ್ಟೋ ಮದುಮಕ್ಕಳ ಮುಖ ಅವಳ ಕೈಯಲ್ಲೇ ಅರಳಿದ್ದು. ಅಂಥವಳು ತನ್ನದೇ ಸೀಮಂತಕ್ಕೆ ಬೆಳಗ್ಗೆಯಿಂದ ಕನ್ನಡಿ ಮುಂದೆ ಕೂತು ಒಂದರ ಮೇಲೊಂದು ಫೌಂಡೇಶನ್ ಬಳಿದುಕೊಂಡಿದ್ದಳು. ಕಾರಣ, ಕೆನ್ನೆ, ಹಣೆ, ಮೇಲ್ದುಟಿಯ ಮೇಲೆಲ್ಲ ಕಂದು ಬಣ್ಣದ ಬಂಗು. ಬಸುರಿಯಾದ ಮೇಲೆ ಮೆಲ್ಲಗೆ ಕಾಣಿಸಿಕೊಂಡದ್ದು, ಸೀಮಂತದ ಹೊತ್ತಿಗೆ ಚೆನ್ನಾಗಿಯೇ ಬೇರೂರಿತ್ತು.

ದೇವಕಿ ಅತ್ತೆಯ ಎರಡು ಬೆರಳು ಹಾದುಹೋದ ಜಾಗದಲ್ಲಿ ಅದು ಈಗ ಊರಿಗೆಲ್ಲ ಕಾಣುತ್ತಿತ್ತು.

(ಮೊದಲೇ ಹೇಳಿಬಿಡುತ್ತೇನೆ. ಈ ವಾರದ ಕಥೆ ಸುಖವಾಗಿ ಮುಗಿಯುತ್ತದೆ. ಬಸುರಿಯ ಕಥೆ ಎಂದರೆ ಕೆಲವರು ಕೊನೆಯ ಪ್ಯಾರಾ ಮೊದಲು ಓದುತ್ತಾರೆ. ನಾನೂ ಅದೇ ಪೈಕಿ. ಹಾಗಾಗಿ ನಿಮ್ಮ ಕಷ್ಟ ನನಗೆ ಗೊತ್ತು.)

ಬಸುರಿಯ ಮುಖದ ಮೇಲೆ ಮಾತಾಡಲು ನಮ್ಮಲ್ಲಿ ಯಾರಿಗೂ ಅಪ್ಪಣೆ ಬೇಕಿಲ್ಲ ನೋಡಿ. ಆವತ್ತು ಉಡಿ ತುಂಬಲು ಬಂದವರೆಲ್ಲ ಅಕ್ಕಿ, ತೆಂಗಿನಕಾಯಿಯ ಜೊತೆ ಒಂದೊಂದು ಮಾತನ್ನೂ ಹಾಕಿ ಹೋದರು. “ಮುಖ ಕಪ್ಪಾತು ಅಂದ್ರೆ ಗಂಡೇ” ಎಂದರು ಒಬ್ಬರು. “ಚಂದ ಕೆಡ್ತು ಅಂದ್ರೆ ಹೆಣ್ಣು, ತಾಯಿ ಚಂದ ಮಗಳು ಕದೀತದೆ” ಎಂದರು ಇನ್ನೊಬ್ಬರು. ಮೂರನೆಯವರು ಕುತ್ತಿಗೆ ನೋಡಿ, “ಸಮಾ ತಿಕ್ಕಿ ಮೀಯೂಕೆ ಆಗುದಿಲ್ವೇ?” ಎಂದು ಕೇಳಿದರು. ಕುತ್ತಿಗೆ ಕಪ್ಪಾಗಿದ್ದು ಕೊಳೆಯಿಂದಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಪಾಯಸದ ಕಡೆ ಹೋಗಿ ಆಗಿತ್ತು.

ಊಟದ ಗದ್ದಲದ ಮಧ್ಯೆ ನಯನಾ ಒಳಕೋಣೆಗೆ ಹೋಗಿದ್ದು ಕಂಡಿತು. ನಾನೂ ಹಿಂದೆಯೇ ಹೋದೆ. ಮಂಚದ ಅಂಚಿಗೆ ಕೂತು, ಸೆರಗಿನಿಂದ ಮುಖವನ್ನು ಗಸಗಸ ಒರೆಸಿಕೊಳ್ಳುತ್ತಿದ್ದಳು. ಕಣ್ಣೀರೋ ಬೆವರೋ, ಹೇಳಲಾಗದಂತೆ ಎಲ್ಲ ಕಲಸಿಹೋಗಿತ್ತು.

“ಅಕ್ಕ, ಇದು ಹೋಗ್ದೇ ಇದ್ರೆ?” ಎಂದಳು.

“ಹೋಗ್ತದೆ ಮಾರಾಯ್ತಿ. ಹೆರಿಗೆ ಆದ್ಮೇಲೆ ಹೋಗ್ತದೆ.”

“ನಿಮಗೆಂತ ಗೊತ್ತು? ನಿಮಗೆ ಬಂದಿತ್ತಾ?”

ಬಂದಿರಲಿಲ್ಲ. ನನಗೆ ಬಂದದ್ದು ಹೊಟ್ಟೆಯ ಮೇಲಿನ ಗೆರೆಗಳು. ನಮ್ಮ ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಇಳಿತ ಬಂದಾಗ ಕೆಸರಿನ ಮೇಲೆ ನೀರು ಕವಲು ಕವಲಾಗಿ ಹರಿಯುತ್ತದಲ್ಲ, ಹಾಗೆ. ಮಗ ಕಾಲೇಜಿಗೆ ಬಂದರೂ ಅವು ಇವೆ. ಆದರೆ ಹೊಟ್ಟೆಯ ಗೆರೆಗೆ ಸೀರೆ ಉಂಟು. ಮುಖಕ್ಕೆ ಏನು ಉಂಟು?

“ಗಿರಾಕಿಗಳು ಎಂತ ಹೇಳ್ತಾರೆ ಗೊತ್ತಿದ್ಯಾ?” ನಯನಾ ಮುಂದುವರಿಸಿದಳು. “ಫೇಶಿಯಲ್ ಮಾಡಿಸಿಕೊಳ್ತಾ ಕಣ್ಣು ಬಿಟ್ಟು ನನ್ನೇ ನೋಡ್ತಾರೆ. ಮೊನ್ನೆ ಒಬ್ಳು, ‘ಮೊದ್ಲು ನಿಂಗೇ ಮಾಡ್ಕೊ’ ಅಂದ್ಳು.”

ಹೇಳುತ್ತ ಹೇಳುತ್ತ ತಲೆದಿಂಬಿನ ಕೆಳಗಿಂದ ಒಂದು ಟ್ಯೂಬ್ ತೆಗೆದಳು. ಪಾರ್ಲರ್‌ಗೆ ಸಾಮಾನು ತಂದುಕೊಡುವ ಏಜೆಂಟ್ ಕೊಟ್ಟಿದ್ದಂತೆ. ಒಳಗೆ ಏನೇನು ಹಾಕಿದ್ದಾರೆ ಎಂದು ಎಲ್ಲೂ ಬರೆದಿರಲಿಲ್ಲ. ಬೆಳ್ಳನೆಯ ಹುಡುಗಿಯೊಬ್ಬಳ ಚಿತ್ರ ಮಾತ್ರ ಇತ್ತು. ಒಂದೆರಡು ಸಲ ಹಚ್ಚಿದ್ದಾಳೆ, ಉರಿದಿದೆ, ಬಿಟ್ಟಿದ್ದಾಳೆ. ಆದರೆ ಎಸೆಯಲು ಮನಸ್ಸು ಬಂದಿಲ್ಲ.

“ಇದನ್ನು ಹಚ್ಚಬೇಡ. ಈ ಸಲ ಡಾಕ್ಟರ್ ಹತ್ರ ನಾನೂ ಬತ್ತೆ. ಮುಖದ ಬಗ್ಗೆ ಕೇಳಿಯೇ ಬಿಡುವಾ,” ಎಂದೆ.

ಅವಳು ಹೂಂ ಎಂದಳು. ಹೂಂ ಎನ್ನುತ್ತಲೇ ಮಂಚದ ಕಾಲಿನ ಮೂಲೆಗೆ ಅಂಗಾಲನ್ನು ಉಜ್ಜುತ್ತಿದ್ದಳು. ಒಂದು ಕಾಲು ಆದ ಮೇಲೆ ಇನ್ನೊಂದು. ಬೆಕ್ಕು ಕಂಬಕ್ಕೆ ಮೈ ತಿಕ್ಕಿದ ಹಾಗೆ.

“ಎಂತ ಆತು ಕಾಲಿಗೆ?”

“ಎಂತ ಇಲ್ಲ ಅಕ್ಕ. ತುರಿಸ್ತದೆ. ಈಗೀಗ ಯಾವಾಗ್ಲೂ.”

ಅಷ್ಟರಲ್ಲಿ ಬಾಗಿಲಲ್ಲಿ ನಮ್ಮ ಅಮ್ಮ. ನಯನಾಳ ಅತ್ತೆ. “ಹೊಟ್ಟೆಲಿ ಮಗುಗೆ ತಲೆಕೂದ್ಲು ಬತ್ತಾ ಇದೆ, ಅದ್ಕೇ ತುರಿಸೂದು. ನಿಂಗೂ ಹಂಗೇ ಆಗಿತ್ತಲೇ, ಮರ್ತು ಹೋತಾ?” ಎಂದು ನನ್ನನ್ನೇ ಸಾಕ್ಷಿಗೆ ಕರೆದಳು.

ಹೌದು, ನನಗೂ ತುರಿಸಿತ್ತು. ಹೊಟ್ಟೆ. ಹೊಟ್ಟೆ ತುರಿಸುವುದಕ್ಕೂ ಅಂಗಾಲು ತುರಿಸುವುದಕ್ಕೂ ವ್ಯತ್ಯಾಸ ಇರಬಹುದು ಎಂದು ಆ ಕೋಣೆಯಲ್ಲಿದ್ದ ಮೂವರಿಗೂ ಹೊಳೆಯಲಿಲ್ಲ. ಮಗುವಿನ ಕೂದಲಿನ ಮಾತಿಗೆ ನಯನಾ ಮೊದಲ ಸಲ ನಕ್ಕಳು. ಇನ್ನೇನು ಬೇಕು? ಮೂವರೂ ಊಟಕ್ಕೆ ಹೋದೆವು.

ಸೀಮಂತ ಮುಗಿದ ಮೇಲೆ ನಯನಾ ಭಟ್ಕಳಕ್ಕೆ, ತವರಿಗೆ ಹೋದಳು. ಅಲ್ಲಿಂದ ಫೋನು. ಮುಖದ ವಿಷಯ ಹಿಂದೆ ಸರಿದು, ತುರಿಕೆಯ ವಿಷಯ ಮುಂದೆ ಬರತೊಡಗಿತ್ತು. ಅಂಗೈ, ಅಂಗಾಲು, ಆಮೇಲೆ ಮೊಣಕಾಲಿನ ಕೆಳಗೆ. ನೋಡಿದರೆ ಏನೂ ಇಲ್ಲ. ಒಂದು ಗುಳ್ಳೆ ಇಲ್ಲ, ದದ್ದು ಇಲ್ಲ. ರಾತ್ರಿಯಾದರೆ ಹೆಚ್ಚು. ನಿದ್ದೆ ಇಲ್ಲ.

ಅವಳ ಅಮ್ಮ ಸುಮ್ಮನೆ ಕೂರುವವರಲ್ಲ. ಬಿಸಿ ಮಾಡಿದ ತೆಂಗಿನೆಣ್ಣೆ ಹಚ್ಚಿದರು. ಬೇವಿನ ಎಲೆ ಕುದಿಸಿ ಸ್ನಾನ ಮಾಡಿಸಿದರು. ಪಕ್ಕದ ಮನೆಯ ನವಾಯತಿ ಮುಸ್ಲಿಂ ಆಂಟಿ ಗುಲಾಬಿ ನೀರಿನ ಬಾಟಲಿ ಕೊಟ್ಟು, “ಠಂಡಾ ಆತದೆ ಬೇಟಾ, ಹಚ್ಕೋ” ಎಂದರು. ಬಂಗಡೆ ತಿನ್ನುವುದು ಬಿಡಿಸಿದರು. ಸಿಗಡಿ ತಿನ್ನುವುದೂ ಬಿಡಿಸಿದರು. ಬದನೆಕಾಯಿಯನ್ನಂತೂ ಮನೆಯೊಳಗೇ ಬಿಡಲಿಲ್ಲ. (ನಮ್ಮಲ್ಲಿ ಮೈ ತುರಿಸಿದರೆ ಮೊದಲು ಜೈಲಿಗೆ ಹೋಗುವುದು ಬದನೆಕಾಯಿಯೇ.)

ಏನೂ ಆಗಲಿಲ್ಲ.

ಒಂದು ಮಧ್ಯಾಹ್ನ ವಿಡಿಯೊ ಕಾಲ್ ಮಾಡಿದೆ. ನಯನಾಳ ಕೈಯಲ್ಲಿ ಒಂದು ಬ್ರಶ್ ಇತ್ತು. ಪಾರ್ಲರ್‌ನಲ್ಲಿ ಪೆಡಿಕ್ಯೂರ್ ಮಾಡುವಾಗ ಹಿಮ್ಮಡಿ ಉಜ್ಜುವ ಗಟ್ಟಿ ಬ್ರಶ್. ಮಾತಾಡುತ್ತಲೇ ಅದರಿಂದ ಅಂಗಾಲು ತಿಕ್ಕುತ್ತಿದ್ದಳು. ಬೇರೆಯವರ ಕಾಲನ್ನು ಹೂವಿನಂತೆ ಹಿಡಿಯುವ ಹುಡುಗಿ, ತನ್ನ ಕಾಲನ್ನು ಪಾತ್ರೆ ತಿಕ್ಕಿದ ಹಾಗೆ ತಿಕ್ಕುತ್ತಿದ್ದಳು.

“ಡಾಕ್ಟರ್‌ಗೆ ಹೇಳಿದ್ಯಾ?”

“ತುರಿಸ್ತದೆ ಅಂತ ಎಂತ ಹೇಳೂದು ಅಕ್ಕ? ಎಲ್ರಿಗೂ ಆತದಂತೆ. ಅಲ್ಲಿ ಎಷ್ಟು ಜನ ಕಾಯ್ತಿರ್ತಾರೆ. ಇಷ್ಟು ಸಣ್ಣದಕ್ಕೆ ನಗ್ತಾರೆ.”

ಹೀಗೆ, ತಿಂಗಳು ತಿಂಗಳು ತಪಾಸಣೆಗೆ ಹೋಗುವ ಹುಡುಗಿ, ಬಿಪಿ ತೋರಿಸಿ, ತೂಕ ತೋರಿಸಿ, ಸ್ಕ್ಯಾನಿಂಗ್ ಮಾಡಿಸಿ ಬರುವ ಹುಡುಗಿ, ಇದೊಂದನ್ನು ಹೇಳಿರಲೇ ಇಲ್ಲ. ಎಲ್ಲರಿಗೂ ಆಗುತ್ತದೆ ಎಂದ ಮೇಲೆ ಯಾಕೆ ಹೇಳಬೇಕು? ‘ಎಲ್ಲರಿಗೂ ಆಗುತ್ತದೆ’ ಎನ್ನುವುದು ನಾವು ಬಸುರಿಗೆ ಕೊಡುವ ಧೈರ್ಯ. ಅದೇ ಎಷ್ಟೋ ಸಲ ಅವಳ ಬಾಯಿಗೆ ಹಾಕುವ ಬೀಗವೂ ಹೌದಲ್ಲವೇ?

ಮುಂದಿನ ಶನಿವಾರ ತಪಾಸಣೆ. ನಾನು ಕಾಲೇಜಿನ ಲೈಬ್ರರಿ ಮುಚ್ಚಿ (ನಾನು ಅಲ್ಲಿಯ ಲೈಬ್ರರಿಯನ್, ಹಳೆಯ ಓದುಗರಿಗೆ ಗೊತ್ತು) ಕುಮಟಾದಿಂದ ಬಸ್ ಹತ್ತಿದೆ. ನಯನಾ ಮತ್ತು ಅವಳ ಅಮ್ಮ ಭಟ್ಕಳದಿಂದ ಬಂದರು. ಹೊನ್ನಾವರದ ಕ್ಲಿನಿಕ್‌ನಲ್ಲಿ ಮೂವರೂ ಸೇರಿದೆವು. ನಯನಾ ಮುಖಕ್ಕೆ ಏನೂ ಹಚ್ಚಿರಲಿಲ್ಲ. ಡಾಕ್ಟರ್ ಸರಿಯಾಗಿ ನೋಡಲಿ ಎಂದು.

ಡಾಕ್ಟರಮ್ಮ ಮಾತು ಕಡಿಮೆಯ ಹೆಂಗಸು. ನಯನಾ ಮುಖದ ಬಗ್ಗೆ ಕೇಳಿದ್ದಕ್ಕೆ ಕನ್ನಡಕ ಮೇಲೆ ಸರಿಸಿ ನೋಡಿದರು.

“ಇದು ಬಸುರಿನ ಹಾರ್ಮೋನ್‌ಗಳಿಂದ ಆಗೋದು. ಬಿಸಿಲು ಬಿದ್ದಷ್ಟೂ ಕಪ್ಪಾಗ್ತದೆ. ಹೊರಗೆ ಹೋಗುವಾಗ ಕೊಡೆ ಹಿಡಿ. ಸನ್‌ಸ್ಕ್ರೀನ್ ಹಚ್ಚು, ಜಿಂಕ್ ಇರೋದು ಬರೆದುಕೊಡ್ತೇನೆ. ಹೆರಿಗೆ ಆಗಿ ಕೆಲವು ತಿಂಗಳಲ್ಲಿ ಹೆಚ್ಚಿನವರಿಗೆ ತಿಳಿಯಾಗ್ತದೆ. ಪೂರ್ತಿ ಹೋಗದೆ ಇದ್ದರೆ ಆಗ ಔಷಧಿ ಉಂಟು. ಈಗ ಬ್ಲೀಚ್ ಬೇಡ, ಬೆಳ್ಳಗೆ ಮಾಡ್ತೇವೆ ಅನ್ನೋ ಯಾವ ಕ್ರೀಮೂ ಬೇಡ.”

ಸೀಮಂತದ ದಿನವೇ ನಯನಾಳ ಕೈಯಿಂದ ಇಸಿದುಕೊಂಡಿದ್ದ ಆ ಟ್ಯೂಬನ್ನು ನಾನು ಬ್ಯಾಗಿನಿಂದ ತೆಗೆದು ಕೊಟ್ಟೆ. ಅವರು ತಿರುಗಿಸಿ ನೋಡಿ, ಕಸದ ಬುಟ್ಟಿಗೆ ಹಾಕಿದರು. ನಯನಾ ಅದನ್ನೇ ನೋಡುತ್ತಿದ್ದಳು. ಹೋಯಿತಲ್ಲ ಎಂಬ ಸಂಕಟವೋ, ಸದ್ಯ ಹೋಯಿತು ಎಂಬ ಸಮಾಧಾನವೋ!

ಕುತ್ತಿಗೆಯ ಕಪ್ಪು? ಅದೂ ಹಾರ್ಮೋನು. ತಿಕ್ಕಬೇಡ. ಹೊಟ್ಟೆಯ ನಡುವಿನ ಕಪ್ಪು ಗೆರೆ? ಅದೂ ಅಷ್ಟೆ, ತಾನಾಗಿ ಮಸುಕಾಗುತ್ತದೆ. ಹೊಟ್ಟೆಯ ಬಿರುಕು ಗೆರೆಗೆ ಯಾವ ಎಣ್ಣೆ ಒಳ್ಳೆಯದು ಎಂದು ನಯನಾಳ ಅಮ್ಮ ಕೇಳಿದರು.

“ಯಾವ ಎಣ್ಣೆಯೂ ಖಂಡಿತವಾಗಿ ತಡೆಯೋದಿಲ್ಲಮ್ಮ. ಬರೋದು ಬಿಡೋದು ಹೆಚ್ಚಾಗಿ ಹುಟ್ಟುಗುಣ. ಆದರೆ ಚರ್ಮ ಒಣಗಬಾರದು. ತೆಂಗಿನೆಣ್ಣೆ ಹಚ್ಚಿ, ತೊಂದರೆ ಇಲ್ಲ.”

ನನಗೆ ಒಳಗೊಳಗೇ ನಿರಾಳ. ನನ್ನ ಹೊಟ್ಟೆಯ ಗೆರೆಗೆ ನಾನು ಎಣ್ಣೆ ಹಚ್ಚಿಕೊಳ್ಳದ್ದೇ ಕಾರಣ ಎಂದು ಅಮ್ಮ ಇಷ್ಟು ವರ್ಷ ಹೇಳುತ್ತ ಬಂದಿದ್ದಳು! (ಆವತ್ತೇ ಫೋನ್ ಮಾಡಿ ತಿಳಿಸಿದೆ. ಅಮ್ಮ ಡಾಕ್ಟರನ್ನು ಒಪ್ಪಲಿಲ್ಲ.)

ಎಲ್ಲ ಮುಗಿಯಿತು ಎಂದು ಎದ್ದೆವು. ನಯನಾ ಚಪ್ಪಲಿ ಮೆಟ್ಟಲು ಬಾಗಿದವಳು, ಸೀರೆ ಸ್ವಲ್ಪ ಎತ್ತಿ ಕಣಕಾಲು ಕೆರೆದುಕೊಂಡಳು. ಅಭ್ಯಾಸ ಆಗಿಬಿಟ್ಟಿತ್ತಲ್ಲ.

“ನಿಲ್ಲು. ಅದೇನು ಗೀರು?” ಡಾಕ್ಟರ್ ಪೆನ್ನು ಕೆಳಗಿಟ್ಟರು.

ಕಣಕಾಲಿನಿಂದ ಮೊಣಕಾಲಿನವರೆಗೆ ಉಗುರಿನ ಗೀರುಗಳು. ಕೆಲವು ಕಡೆ ರಕ್ತ ಒಣಗಿ ಕಪ್ಪಾಗಿತ್ತು.

“ತುರಿಕೆ ಮೇಡಂ. ಎಲ್ರಿಗೂ ಆತದಂತಲ್ಲ...”

“ಕೂತ್ಕೋ.”

ಆಮೇಲೆ ಬಂದದ್ದು ಪ್ರಶ್ನೆಗಳ ಸಾಲು. ಮೊದಲು ಎಲ್ಲಿ ಶುರುವಾಯಿತು? ಅಂಗೈ ಅಂಗಾಲಿನಲ್ಲಿ ಹೆಚ್ಚಾ? ರಾತ್ರಿ ಹೆಚ್ಚಾ? ಕೆರೆಯುವ ಮೊದಲು ಅಲ್ಲಿ ಗುಳ್ಳೆ ಇತ್ತಾ? ಮೂತ್ರ ತುಂಬ ಹಳದಿ ಇದೆಯಾ? ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಮಗು ಆಡುತ್ತಿದೆಯಾ ಎಂದು ಕೇಳಿ, ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಟಕಟಕ ಎಂಬ ಎದೆಬಡಿತ ಕೋಣೆ ತುಂಬಿತು.

“ಈಗಲೇ ಹೆದರಬೇಡಿ. ಬಸುರಿಯರಿಗೆ ತುರಿಕೆ ಬರೋದು ಸಾಮಾನ್ಯ. ಹೆಚ್ಚಿನದು ಚರ್ಮ ಹಿಗ್ಗಿ, ಒಣಗಿ ಬರೋದು. ಆದರೆ ಗುಳ್ಳೆ ಇಲ್ಲದೆ, ಅಂಗೈ ಅಂಗಾಲು ಹೀಗೆ ತುರಿಸಿದರೆ ರಕ್ತ ನೋಡಲೇಬೇಕು. ಲಿವರ್‌ನಿಂದ ಹರಿದುಹೋಗಬೇಕಾದ ಪಿತ್ತರಸ ಸರಿಯಾಗಿ ಹರಿಯದೆ, ಅದರ ಅಂಶ ರಕ್ತದಲ್ಲಿ ಹೆಚ್ಚಾಗಿರಬಹುದು. ತಾಯಿಗೆ ಇದು ಬರೀ ಕಾಟ. ಮಗುವಿಗೆ ಮಾತ್ರ ಅಪಾಯ ಆಗಬಹುದು.”

ನಯನಾ ನನ್ನ ಕೈ ಹಿಡಿದುಕೊಂಡಳು. ಅವಳ ಅಂಗೈ ಬಿಸಿಯಾಗಿತ್ತು, ಉಜ್ಜಿ ಉಜ್ಜಿ ಒರಟಾಗಿತ್ತು.

ರಕ್ತ ಕೊಟ್ಟೆವು. ಒಂದು ಪರೀಕ್ಷೆಯ ಫಲಿತಾಂಶ ಅಂದೇ. ಇನ್ನೊಂದು ಹೊರಗೆ ಹೋಗಿ ಬರಬೇಕು. ಕಾಯುವುದು ಎಂದರೇನು ಎಂದು ಕಡಲಿನವರ ಮನೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಾಳಿ ಎದ್ದ ದಿನ ಬೋಟು ಬರುವವರೆಗೆ ಅಮ್ಮ ಜಗಲಿಯಲ್ಲೇ ಕೂರುವುದನ್ನು ನೋಡಿ ಬೆಳೆದವಳು ನಾನು. ಆದರೂ ಆ ವಾರ ಲೈಬ್ರರಿಯಲ್ಲಿ ಪುಸ್ತಕ ಕೇಳಿದವರಿಗೆ ಯಾವುದೋ ಪುಸ್ತಕ ಕೊಟ್ಟೆ. ಒಬ್ಬ ವಿದ್ಯಾರ್ಥಿನಿ ಅರ್ಥಶಾಸ್ತ್ರ ಕೇಳಿದರೆ ಅಡುಗೆ ಪುಸ್ತಕ ಕೊಟ್ಟಿದ್ದೇನೆ. ಅವಳು ಸುಮ್ಮನೆ ತಗೊಂಡು ಹೋಗಿದ್ದಾಳೆ. ಅದು ಬೇರೆ ಅಂಕಣದ ವಿಷಯ.

ಫೋನು ಬಂತು. ಡಾಕ್ಟರ್ ಸಂಶಯ ಪಟ್ಟದ್ದೇ ಹೌದು. ಅದಕ್ಕೆ ಕೊಲೆಸ್ಟೇಸಿಸ್ ಎನ್ನುತ್ತಾರಂತೆ. ರಕ್ತದಲ್ಲಿ ಪಿತ್ತದ ಅಂಶ ಏರಿದೆ, ಆದರೆ ತೀರಾ ಏರಿಲ್ಲ. ಮಾತ್ರೆ ಶುರು ಮಾಡಬೇಕು. ಆಗಾಗ ರಕ್ತ ನೋಡಬೇಕು. ಮಗುವಿನ ಆಟದ ಮೇಲೆ ಗಮನ ಇರಬೇಕು. ಹೆರಿಗೆ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕು, ದಿನ ತುಂಬುವವರೆಗೆ ಕಾಯದೆ ಸ್ವಲ್ಪ ಮೊದಲೇ ಮಾಡಿಸಬೇಕಾಗಬಹುದು. (ದೊಡ್ಡ ಆಸ್ಪತ್ರೆ ಎಂದರೆ ನಮ್ಮ ಜಿಲ್ಲೆಯವರ ಮುಖ ತಾನಾಗಿ ದಕ್ಷಿಣಕ್ಕೆ, ಉಡುಪಿ ಕಡೆಗೆ ತಿರುಗುತ್ತದೆ. ನಮ್ಮಲ್ಲಿ ಅಂಥದ್ದು ಯಾಕಿಲ್ಲ ಎಂದು ನನ್ನನ್ನು ಕೇಳಬೇಡಿ. ಯಾರನ್ನು ಕೇಳಬೇಕೋ ಅವರನ್ನು ಕೇಳಿ.)

ನಯನಾ ಡಾಕ್ಟರ್‌ಗೆ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ?

“ಮೇಡಂ, ಆ ಕ್ರೀಮ್ ಹಚ್ಚಿದ್ದಕ್ಕೆ ಹಿಂಗಾತಾ?”

“ಇಲ್ಲಮ್ಮ. ಕ್ರೀಮಿನಿಂದ ಅಲ್ಲ, ನೀನು ತಿಂದದ್ದರಿಂದ ಅಲ್ಲ, ಮಾಡಿದ್ದರಿಂದ ಅಲ್ಲ. ಕೆಲವರಿಗೆ ಬರ್ತದೆ, ನಿನಗೆ ಬಂದಿದೆ. ತಡೆಯೋಕೆ ಆಗ್ತಿರಲಿಲ್ಲ. ಗೊತ್ತಾಗಿದೆಯಲ್ಲ, ಅದೇ ದೊಡ್ಡದು.”

ಈ ಮಾತನ್ನು ಅವಳು ನನಗೆ ವಾಯ್ಸ್ ಮೆಸೇಜ್ ಮಾಡಿ, ಮತ್ತೆ ಫೋನ್ ಮಾಡಿ, ಎರಡು ಸಲ ಹೇಳಿದಳು. ರೋಗ ಇದೆ ಎಂದು ಗೊತ್ತಾದ ದಿನವೇ ಅವಳ ದನಿ ಹಗುರವಾಗಿತ್ತು. ವಿಚಿತ್ರ ಅನ್ನಿಸುತ್ತದೆಯೇ? ನನಗೆ ಅನ್ನಿಸಲಿಲ್ಲ. ನಾನು ಸುಮ್ಮನೆ ರಗಳೆ ಮಾಡುತ್ತಿಲ್ಲ, ನನ್ನ ತುರಿಕೆ ನಿಜ ಎಂದು ಯಾರಾದರೂ ಹೇಳುವುದಿದೆಯಲ್ಲ, ಅದು ಅರ್ಧ ಔಷಧಿ.

ಅಮ್ಮನಿಗೆ ಮಾತ್ರ ಇಡೀ ವಿವರಣೆಯಲ್ಲಿ ಒಂದೇ ಮಾತು ಹಿಡಿಸಿತು. “ಪಿತ್ತ ಅಂದ್ರಾ? ಹಂಗಾರೆ ಮುರುಗಲ ಹುಳಿ ಸಾರು ಮಾಡ್ವ. ಪಿತ್ತಕ್ಕೆ ಅದೇ ಮದ್ದು.” ಡಾಕ್ಟರನ್ನು ಕೇಳಿದೆ. ಸಾರು ಕುಡಿಯಬಹುದು, ಆದರೆ ಮಾತ್ರೆ ತಪ್ಪಬಾರದು ಎಂದರು. ಬಂಗಡೆಗೂ ಬಿಡುಗಡೆ ಆಯಿತು. ಬದನೆಕಾಯಿ ನಿರಪರಾಧಿ ಎಂದು ಸಾಬೀತಾಯಿತು.

ಮುಂದಿನ ದಿನಗಳು ಮಾತ್ರೆ, ರಕ್ತ, ಸ್ಕ್ಯಾನಿಂಗ್‌ಗಳಲ್ಲಿ ಹೋದವು. ತುರಿಕೆ ಪೂರ್ತಿ ಹೋಗಲಿಲ್ಲ. ಸಹಿಸುವಷ್ಟಕ್ಕೆ ಇಳಿಯಿತು. ತಣ್ಣೀರಿನ ಸ್ನಾನ, ಹತ್ತಿ ಬಟ್ಟೆ, ವಾಸನೆ ಇಲ್ಲದ ಲೋಶನ್. ಆ ಲೋಶನ್ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು ತಣ್ಣಗೆ ಹಚ್ಚಿಕೊಳ್ಳುವುದನ್ನು ನಯನಾ ತಾನೇ ಕಂಡುಕೊಂಡಳು. ಭಟ್ಕಳದ ಮನೆಯ ಫ್ರಿಜ್‌ನಲ್ಲಿ ಮೀನಿನ ಮಸಾಲೆಯ ಡಬ್ಬಿಯ ಪಕ್ಕದಲ್ಲಿ ಅದಕ್ಕೊಂದು ಖಾಯಂ ಜಾಗ. ಬ್ರಶ್ಶನ್ನು ಅವಳ ಅಮ್ಮ ಎಲ್ಲೋ ಅಡಗಿಸಿಟ್ಟರು. ಮಂಜು ಕಡಲಿನಿಂದ ಬಂದವನೇ ಭಟ್ಕಳಕ್ಕೆ ಹೋಗಿ, ಹೆಂಡತಿಯ ಅಂಗಾಲಿಗೆ ಒದ್ದೆ ಬಟ್ಟೆ ಸುತ್ತುತ್ತ ಕೂರುತ್ತಿದ್ದ. ಬಲೆ ಎಳೆದ ಕೈ. ಮೆಲ್ಲಗೆ ಸುತ್ತಲು ಬರುತ್ತಿರಲಿಲ್ಲ. “ಇದು ಪಾದನಾ, ಹಗ್ಗನಾ?” ಎಂದು ಬೈಸಿಕೊಂಡು, ಬಿಚ್ಚಿ, ಮತ್ತೆ ಸುತ್ತುತ್ತಿದ್ದ.

ಇಷ್ಟೆಲ್ಲ ಇದ್ದರೂ ಒಂದು ಬೆಳಗ್ಗೆ ಆ ಫೋನು ಬಂದೇ ಬಂತು.

“ಅಕ್ಕ, ಮಗು ಆಡ್ತಾ ಇಲ್ಲ.”

ಎದ್ದಾಗಿನಿಂದ ಚಲನೆ ಕಡಿಮೆ ಅನ್ನಿಸಿದೆ. ತಿಂಡಿ ತಿಂದು, ಎಡಮಗ್ಗುಲಲ್ಲಿ ಮಲಗಿ ನೋಡಿದ್ದಾಳೆ. ಒಂದೋ ಎರಡೋ ಸಲ ಮಿಸುಕಿದೆ, ಅಷ್ಟೆ. ಮೊದಲಾಗಿದ್ದರೆ ‘ಮಗು ಮಲಗಿರಬೇಕು’ ಎಂದು ಯಾರೋ ಹೇಳುತ್ತಿದ್ದರು, ಅವಳು ನಂಬುತ್ತಿದ್ದಳು. ಈ ಸಲ ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ನನಗೆ ಫೋನ್ ಮಾಡುವ ಹೊತ್ತಿಗೆ ಅವಳೂ ಅವಳ ಅಮ್ಮನೂ ಕಾರಿನಲ್ಲಿದ್ದರು. ಡಾಕ್ಟರ್‌ಗೆ ಹೇಳಿ ಆಗಿತ್ತು. ಕಾರು ಉಡುಪಿಯ ದಾರಿಯಲ್ಲಿ ಆಗಲೇ ಶಿರೂರು ದಾಟಿತ್ತು.

ನಾನು ಕುಮಟಾದಿಂದ ಹೊರಟೆ. ಹೆದ್ದಾರಿ ಅಷ್ಟು ಉದ್ದ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಮಂಜು ಬೋಟಿನಲ್ಲಿದ್ದ. ಫೋನು ಸಿಗಲಿಲ್ಲ. ಅಮ್ಮ ಬಂದರಿನವರೆಗೆ ನಡೆದುಹೋಗಿ, ಅಲ್ಲಿದ್ದವರ ವಯರ್‌ಲೆಸ್‌ನಲ್ಲಿ ಹೇಳಿಸಿದಳು.

ಆಸ್ಪತ್ರೆ ಸೇರಿದಾಗ ನಯನಾಳ ಹೊಟ್ಟೆಗೆ ಬೆಲ್ಟ್ ಕಟ್ಟಿದ್ದರು. ಯಂತ್ರದಿಂದ ಕಾಗದ ಹೊರಬರುತ್ತಿತ್ತು. ಮಗುವಿನ ಎದೆಬಡಿತದ ಗೆರೆ. ನನಗೆ ಅದರಲ್ಲಿ ಏನೂ ಓದಲು ಬರಲಿಲ್ಲ. ಅದನ್ನು ಓದುತ್ತಿದ್ದ ಯುವ ಡಾಕ್ಟರ್ ಮುಖವನ್ನೇ ಓದಲು ನೋಡಿದೆ.

“ಬಡಿತ ಚೆನ್ನಾಗಿದೆ,” ಎಂದಳು ಆಕೆ. “ಆದರೆ ರಕ್ತದಲ್ಲಿ ಪಿತ್ತದ ಅಂಶ, ಬೈಲ್ ಆ್ಯಸಿಡ್, ಮೊನ್ನೆಗಿಂತ ಏರಿದೆ. ಮಗು ಸಾಕಷ್ಟು ಬೆಳೆದಿದೆ. ಇನ್ನು ಕಾಯೋದರಲ್ಲಿ ಲಾಭ ಇಲ್ಲ. ಇವತ್ತೇ ನೋವು ಬರಿಸೋಣ.”

ನಯನಾ ಸೀಲಿಂಗ್ ನೋಡುತ್ತ ಮಲಗಿದ್ದಳು. “ಅಕ್ಕ, ನಾ ಮೊದ್ಲೇ ಹೇಳ್ಬೇಕಾಗಿತ್ತು” ಎಂದಳು.

“ಇವತ್ತು ಹೇಳಿದ್ಯಲ್ಲ. ಸಾಕು.”

ಮರುದಿನ ಮಧ್ಯಾಹ್ನ, ಊಟದ ಹೊತ್ತಿಗೆ, ಒಳಗಿನಿಂದ ಒಂದು ಅಳು. ಸಣ್ಣಗೆ ಶುರುವಾಗಿ, ಆಮೇಲೆ ಜೋರಾಗಿ, ಯಾರನ್ನೋ ಬೈಯುವ ಹಾಗೆ. ಕಾರಿಡಾರ್‌ನಲ್ಲಿ ನಾನು, ನಯನಾಳ ಅಮ್ಮ, ಮತ್ತು ಬಂದರಿನಿಂದ ಸೀದಾ ಬಂದಿದ್ದ ಮಂಜು. ಅವನ ಶರ್ಟಿಗೆ ಇನ್ನೂ ಮೀನಿನ ವಾಸನೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಕುರ್ಚಿಗೆ ಹೋಗಿದ್ದರು. ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ಅಳು ಕೇಳಿದವನೇ ಗೋಡೆಗೆ ಹಣೆ ಆನಿಸಿ ನಿಂತುಬಿಟ್ಟ. ಕಡಲಿನಲ್ಲಿ ಏನೇನೋ ಕಂಡ ಹುಡುಗ. ಹೆಗಲು ಕುಣಿಯುತ್ತಿತ್ತು.

ಹೆಣ್ಣು ಮಗು. ತೂಕ ಸ್ವಲ್ಪ ಕಡಿಮೆ, ಗಂಟಲು ಮಾತ್ರ ಭರ್ಜರಿ. ಮಕ್ಕಳ ಡಾಕ್ಟರ್ ನೋಡಿ, ಎಲ್ಲ ಸರಿ ಇದೆ ಎಂದರು. ನಯನಾಳ ಅಮ್ಮ ಅಲ್ಲೇ ಕುರ್ಚಿಯಲ್ಲಿ ಕುಸಿದು, ಕೈಯಲ್ಲಿ ಹಿಡಿದಿದ್ದ ನೀರಿನ ಬಾಟಲಿಯನ್ನು ಪೂರ್ತಿ ಕುಡಿದರು. ಬೆಳಗ್ಗೆಯಿಂದ ಒಂದು ಗುಟುಕೂ ಇಳಿದಿರಲಿಲ್ಲವಂತೆ.

ಎರಡು ದಿನ ಬಿಟ್ಟು ವಾರ್ಡಿಗೆ ಹೋದರೆ ನಯನಾ ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ಮಗು ರಚ್ಚೆ ಹಿಡಿದಿತ್ತು, ನರ್ಸ್ ಟ್ರೇ ಬೀಳಿಸಿದಳು, ಎದುರು ಮಂಚದವರ ನೆಂಟರು ಬಸ್ಸಿನಷ್ಟು ಜನ ಬಂದಿದ್ದರು. ಇವಳಿಗೆ ಯಾವುದರ ಪರಿವೆಯೂ ಇರಲಿಲ್ಲ. ಎಚ್ಚರವಾದಾಗ ಮೊದಲು ಕಾಲು ನೋಡಿಕೊಂಡಳು. ಆಮೇಲೆ ನನ್ನನ್ನು.

“ಅಕ್ಕ, ತುರಿಸ್ತಾ ಇಲ್ಲ.”

ಅಷ್ಟೇ ಹೇಳಿ ಮತ್ತೆ ನಿದ್ದೆ ಹೋದಳು. ನಾನು ಆ ಮಂಚದ ಪಕ್ಕ ಕೂತು, ಎಷ್ಟೋ ಹೊತ್ತು, ಸುಮ್ಮನೆ ಅವಳ ಅಂಗಾಲು ನೋಡುತ್ತಿದ್ದೆ. ಅಲುಗಾಡದೆ ಇರುವ ಪಾದ ಅಷ್ಟು ಚಂದ ಇರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಡಾಕ್ಟರ್ ಇನ್ನೊಂದು ಮಾತು ಹೇಳಿ ಕಳಿಸಿದ್ದಾರೆ. ಕೆಲವು ವಾರ ಬಿಟ್ಟು ರಕ್ತ ಮತ್ತೊಮ್ಮೆ ನೋಡಬೇಕು. ಮುಂದಿನ ಬಸುರಿನಲ್ಲಿ ಇದು ಮರಳಿ ಬರಬಹುದು, ಆಗ ಮೊದಲೇ ಹೇಳಬೇಕು. ನಯನಾ “ಮುಂದಿಂದು ಮುಂದೆ ನೋಡ್ವ ಮೇಡಂ, ಈಗ ನಿದ್ದೆ ಮಾಡೂಕೆ ಬಿಡಿ” ಎಂದಳಂತೆ.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ, ಅವಳಿಗೆ ಮೈ ತುರಿಸಿದರೆ, ಗಾಬರಿ ಬೀಳಬೇಡಿ. ನೂರು ಕಾರಣ ಇರುತ್ತವೆ, ಹೆಚ್ಚಿನವು ಎಣ್ಣೆಗೂ ತಣ್ಣೀರಿಗೂ ಬಗ್ಗುತ್ತವೆ. ಆದರೆ ಗುಳ್ಳೆ ಕಾಣದೆ ಅಂಗೈ ಅಂಗಾಲು ತುರಿಸಿ ನಿದ್ದೆ ಕೆಟ್ಟರೆ ಮುಂದಿನ ತಪಾಸಣೆಗೆ ಕಾಯಬೇಡಿ, ಅಂದೇ ಡಾಕ್ಟರ್‌ಗೆ ಹೇಳಿ. ಮಗುವಿನ ಆಟ ಕಡಿಮೆ ಅನ್ನಿಸಿದರೆ ಒಂದು ಗಳಿಗೆಯನ್ನೂ ಕಾಯಬೇಡಿ. ನಾನು ಡಾಕ್ಟರ್ ಅಲ್ಲ. ಪುಸ್ತಕಕ್ಕೆ ಸೀಲು ಹಾಕುವವಳು. ನೋಡಿದ್ದನ್ನು ಹೇಳುತ್ತಿದ್ದೇನೆ, ಅಷ್ಟೆ. ಆ ಮನೆ ತುಂಬ ಜನ ಒಬ್ಬ ಹುಡುಗಿಯ ಕೆನ್ನೆಯ ಬಣ್ಣವನ್ನು ತಿಂಗಳುಗಟ್ಟಲೆ ಅಳೆದರು. ಅಳೆದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಎಲ್ಲರೂ ಅವಳ ಒಳ್ಳೆಯದನ್ನೇ ಬಯಸಿದವರು. ಆದರೆ ಕಣ್ಣಿಗೆ ಕಾಣದ ಒಂದನ್ನು ಕೇಳಿ ತಿಳಿಯಬೇಕಾಗುತ್ತದೆ, ಅಲ್ಲವೇ?

ಕಳೆದ ವಾರ ನಯನಾ ಮಗುವನ್ನು ಕರೆದುಕೊಂಡು ಕಾಸರಕೋಡದ ಮನೆಗೆ ಬಂದಳು. ಮುಖದ ಬಂಗು ಇನ್ನೂ ಇದೆ. ಸ್ವಲ್ಪ ತಿಳಿಯಾಗಿದೆ. ಆಗಿಲ್ಲ ಎಂದೂ ಹೇಳಬಹುದು, ಬೆಳಕಿನ ಮೇಲೆ ಹೋಗುತ್ತದೆ. ಅವಳು ಕನ್ನಡಿ ನೋಡಲು ಪುರಸೊತ್ತಿಲ್ಲದವಳು ಈಗ. ಮಗು ನೋಡಲು ಅಕ್ಕಪಕ್ಕದವರು ಬರುತ್ತಿದ್ದರು. ನಾಲ್ಕು ಮನೆ ಆಚೆಯ ಒಬ್ಬ ಅಜ್ಜಿ ತೊಟ್ಟಿಲಿಗೆ ಬಗ್ಗಿ, ಬಟ್ಟೆ ಸರಿಸಿ, ಮಗುವಿನ ಕಿವಿಯ ಹಿಂದೆ ನೋಡಿದರು. (ನಿಜವಾದ ಬಣ್ಣ ಅಲ್ಲೇ ಗೊತ್ತಾಗುವುದಂತೆ!)

“ಬಣ್ಣ ಸ್ವಲ್ಪ ಕಮ್ಮಿ ಆತೇನೇ?” ಎಂದರು.

ಬಾಣಂತಿಯ ನೀರು ಕಾಯಿಸಲು ಹೊರಟಿದ್ದ ನಮ್ಮ ಅಮ್ಮ ಬಾಗಿಲಲ್ಲೇ ನಿಂತಳು. ಸೆರಗಿನಿಂದ ಕೈ ಒರೆಸಿಕೊಂಡು, ಸಿಟ್ಟಿಲ್ಲದೆ, ನಗುತ್ತಲೇ ಕೇಳಿದಳು:

“ಬಿರುಗಾಳಿ ದಾಟಿ ದೋಣಿ ದಡಕ್ಕೆ ಬಂದಾಗ, ಅದರ ಪೇಂಟ್ ಯಾರಾದ್ರೂ ನೋಡ್ತಾರಾ ಅಕ್ಕಾ?”